ಬೆರಳು ಹೋದರೆ ಕೈಗೆ ಬರುವುದೆಷ್ಟು? ಇಎಸ್‌ಐ ಮತ್ತು ಪರಿಹಾರ ಕಾಯ್ದೆ, ಎರಡನ್ನೂ ತೂಗಿ ನೋಡಿದಾಗ

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಹೆಬ್ಬೆರಳು ಕಳೆದುಕೊಂಡವರಿಗೂ ಸಾಗರದ ಕಡೆಯ ಸಾಮಿಲ್ಲಿನಲ್ಲಿ ಕಳೆದುಕೊಂಡವರಿಗೂ ನೋವು ಒಂದೇ, ಹಣ ಬರುವ ದಾರಿ ಮಾತ್ರ ಬೇರೆ. ಫೌಂಡ್ರಿಯವರ ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇರುತ್ತದೆ, ಹಾಗಾಗಿ ಅವರಿಗೆ ಕೊಡಬೇಕಾದವರು ಇಎಸ್‌ಐ ನಿಗಮದವರು. ಸಾಮಿಲ್ಲಿನಲ್ಲಿ ಇರುವವರೇ ಆರೇಳು ಜನ. 10 ಜನ ಇಲ್ಲದ ಕಡೆ ಸಾಮಾನ್ಯವಾಗಿ ಇಎಸ್‌ಐ ಇರುವುದಿಲ್ಲ, ಅಲ್ಲಿ ಪರಿಹಾರ ಕಾಯ್ದೆಯಂತೆ ಕೊಡಬೇಕಾದವರು ಯಜಮಾನರೇ. ಇಎಸ್‌ಐ ವ್ಯಾಪ್ತಿಯಲ್ಲಿದ್ದವರು ಅದೇ ಗಾಯಕ್ಕೆ ಯಜಮಾನರ ಮೇಲೆ ಪರಿಹಾರದ ಅರ್ಜಿ ಹಾಕುವಂತಿಲ್ಲ. ಎರಡರಲ್ಲಿ ಯಾವುದು ನಿಮ್ಮದು ಎಂಬುದನ್ನು ನೀವು ಆರಿಸುವುದಿಲ್ಲ, ನೀವು ಕೆಲಸ ಮಾಡುವ ಜಾಗ ಆರಿಸುತ್ತದೆ.

ಕಾನೂನಿನ ಹೆಸರು ಈಚೆಗೆ ಬದಲಾಗಿದೆ. 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದಕ್ಕೂ ಮುಂಚಿನ ಅಪಘಾತಗಳಿಗೆ ಹಳೆಯ ಕಾಯ್ದೆಯೇ. ಲೆಕ್ಕದ ಸೂತ್ರ ಬದಲಾಗಿಲ್ಲ, ಆದ್ದರಿಂದ ಇಲ್ಲಿ ಜನರ ಬಾಯಲ್ಲಿರುವ ಹಳೆಯ ಹೆಸರನ್ನೇ ಬಳಸಿದ್ದೇವೆ.

ಮೊದಲು ಹಣದ ಲೆಕ್ಕ

35 ವರ್ಷ ವಯಸ್ಸು, ತಿಂಗಳಿಗೆ 18,000 ರೂಪಾಯಿ ಸಂಬಳ, ಒಂದು ಹೆಬ್ಬೆರಳು ಪೂರ್ತಿ ಹೋಗಿದೆ ಎಂದಿಟ್ಟುಕೊಳ್ಳಿ. ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯ ನಷ್ಟ ಶೇ 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7, ಒಂದು ಕೈಯ ನಾಲ್ಕು ಬೆರಳಿಗೆ 50, ಕೈಯೇ ಹೋದರೆ 60. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40.

ಪರಿಹಾರ ಕಾಯ್ದೆಯಲ್ಲಿ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ ಮಾತ್ರ, 2020ರ ಜನವರಿ 3ರಿಂದ ಇದೇ ಮಿತಿ. ಅದರ ಶೇ 60 ಅಂದರೆ 9,000. ಇದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು, 35 ವರ್ಷಕ್ಕೆ ಅದು 197.06. ಬರುವುದು 17,73,540. ಅದರಲ್ಲಿ ಶೇ 30 ಅಂದರೆ 5,32,062 ರೂಪಾಯಿ. ಒಂದೇ ಸಲ, ಮತ್ತೆ ಇಲ್ಲ.

ಇದೇ ಮನುಷ್ಯ ಇಎಸ್‌ಐನಲ್ಲಿದ್ದರೆ ದಿನದ ಸಂಬಳ 600, ಅದರ ಶೇ 90 ಅಂದರೆ 540. ಮೆಡಿಕಲ್ ಬೋರ್ಡ್ ಶೇ 30 ಎಂದು ಬರೆದರೆ ದಿನಕ್ಕೆ 162, ತಿಂಗಳಿಗೆ 4,860 ರೂಪಾಯಿ, ಬದುಕಿರುವವರೆಗೂ. ಬೆಲೆ ಏರಿದಂತೆ ಈ ಮೊತ್ತವನ್ನು ಆಗಾಗ ಹೆಚ್ಚಿಸುತ್ತಾರೆ. ಹೆಚ್ಚಳ ಬಿಟ್ಟು ನೋಡಿದರೂ ಒಂಬತ್ತು ವರ್ಷ ಚಿಲ್ಲರೆಗೆ ಎರಡೂ ಸಮವಾಗುತ್ತವೆ, ಅಲ್ಲಿಂದಾಚೆಗೆ ಇಎಸ್‌ಐನದೇ ಮೇಲುಗೈ. 35ರ ವಯಸ್ಸಿನವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಕೈಗೆ ಒಟ್ಟಿಗೆ ಐದು ಲಕ್ಷ ಬರುವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಸಾಲ ತೀರಿಸಿ ಮನೆಗೆ ಹೆಂಚು ಹೊದೆಸುವಷ್ಟರಲ್ಲಿ ಅದು ಮುಗಿದಿರುತ್ತದೆ.

ಮನೆಯಲ್ಲಿ ಮಲಗಿರುವ ದಿನಗಳ ಹಣದಲ್ಲಿ ಅಂತರ ಇನ್ನೂ ಎದ್ದು ಕಾಣುತ್ತದೆ. ಇಎಸ್‌ಐನಲ್ಲಿ ತಾತ್ಕಾಲಿಕ ಅಸಮರ್ಥತೆಗೆ ದಿನಕ್ಕೆ 540, ತಿಂಗಳಿಗೆ 16,200. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಿಗುತ್ತದೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಪರಿಹಾರ ಕಾಯ್ದೆಯಲ್ಲಿ ಶೇ 25 ಎಂದಿದೆ, ಅದನ್ನೇ ತಿಂಗಳ ಲೆಕ್ಕ ಎಂದುಕೊಂಡು ಮೇಸ್ತ್ರಿಗಳೂ ಕೆಲವು ಅಕೌಂಟೆಂಟರೂ ಅರ್ಧ ಹಣ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದು ತಿಂಗಳ ಸಂಬಳದ ಶೇ 25, ಆದರೆ ಅರ್ಧ ತಿಂಗಳಿಗೊಮ್ಮೆ. 15,000ದ ಮೇಲೆ 3,750, ತಿಂಗಳಿಗೆ ಎರಡು ಸಲ, ಒಟ್ಟು 7,500. ಕೆಲಸಕ್ಕೆ ಹೋಗಲಾಗದ ಅವಧಿ 28 ದಿನ ಅಥವಾ ಹೆಚ್ಚಾದರೆ ಮೊದಲ ದಿನದಿಂದಲೇ ಕೊಡಬೇಕು, ಕಡಿಮೆಯಾದರೆ ಮೊದಲ ಮೂರು ದಿನ ಬಿಟ್ಟು. ಹೆಚ್ಚೆಂದರೆ ಐದು ವರ್ಷ. ಆಸ್ಪತ್ರೆಯ ಖರ್ಚು ಇದರಲ್ಲಿ ಸೇರಿಲ್ಲ, ಬಿಲ್ಲಿನಲ್ಲಿರುವಷ್ಟನ್ನೂ ಯಜಮಾನರೇ ಪ್ರತ್ಯೇಕವಾಗಿ ಭರಿಸಬೇಕು. ಹಾಗಾಗಿ ಔಷಧಿ ಅಂಗಡಿಯ ಚೀಟಿಯಿಂದ ಹಿಡಿದು ಎಲ್ಲದರ ಮೂಲಪ್ರತಿ ಇಟ್ಟುಕೊಳ್ಳಿ.

ಸಾವಿನ ಪ್ರಕರಣದಲ್ಲಿ ಸಂಬಳದ ಶೇ 60ರ ಬದಲು ಶೇ 50. 40 ವರ್ಷದವರಿಗೆ ಗುಣಕ 184.17, ಆದ್ದರಿಂದ 7,500ಕ್ಕೆ 13,81,275. ವಯಸ್ಸು 45 ಎಂದು ದಾಖಲಾದರೆ ಗುಣಕ 169.44ಕ್ಕೆ ಇಳಿದು 1,10,475 ರೂಪಾಯಿ ಕಡಿಮೆಯಾಗುತ್ತದೆ. ಹಳ್ಳಿಯ ಕಡೆ ಅಂದಾಜಿನ ಮೇಲೆ ಆಧಾರ್‌ನಲ್ಲಿ ಜನವರಿ 1 ಎಂದು ಬರೆಸಿಕೊಂಡವರು ಬೇಕಾದಷ್ಟಿದ್ದಾರೆ. ಶಾಲೆಯ ದಾಖಲೆ ಇದ್ದರೆ ಹುಡುಕಿ ತೆಗೆಯುವುದು ಲಾಭದ ಕೆಲಸ. ಇಎಸ್‌ಐನಲ್ಲಾದರೆ ದಿನದ 540ರಲ್ಲಿ ಹೆಂಡತಿಗೆ ಐದನೇ ಮೂರು ಪಾಲು, ಪ್ರತಿ ಮಗುವಿಗೆ ಐದನೇ ಎರಡು ಪಾಲು. ಮಕ್ಕಳು ಇಬ್ಬರು ಮೂವರಾದರೆ ಒಟ್ಟು 540 ಮೀರದಂತೆ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಅಂತ್ಯಕ್ರಿಯೆಗೆ 15,000.

ಇಎಸ್‌ಐ: ಸೌಲಭ್ಯ ಚೆನ್ನ, ಬಾಗಿಲು ಕಿರಿದು

18,000 ಸಂಬಳಕ್ಕೆ ಕಾರ್ಮಿಕರ ಪಾಲು ಶೇ 0.75, ಅಂದರೆ 135 ರೂಪಾಯಿ. ಮಾಲೀಕರ ಪಾಲು ಶೇ 3.25, ಅಂದರೆ 585. ಈ ದುಡ್ಡಿಗೆ ಇಷ್ಟು ರಕ್ಷಣೆಯನ್ನು ಯಾವ ಖಾಸಗಿ ವಿಮೆಯೂ ಕೊಡುವುದಿಲ್ಲ. ಸಂಬಳ 21,000 ದಾಟಿದರೆ ಸಾಮಾನ್ಯವಾಗಿ ವ್ಯಾಪ್ತಿಯಿಂದ ಹೊರಗೆ. ಎಷ್ಟೋ ಕಡೆ ಸಂಬಳ 21,500ಕ್ಕೆ ಏರಿದಾಗ ಖುಷಿಪಟ್ಟು ಸಹಿ ಹಾಕುತ್ತಾರೆ, ಅಂದಿನಿಂದ ಇಎಸ್‌ಐ ಬದಲು ತಮಗೇನು ರಕ್ಷಣೆ ಎಂದು ಯಾರೂ ಕೇಳುವುದಿಲ್ಲ.

ಕೆಟ್ಟುಹೋಗುವುದು ಫಾರ್ಮ್ 12ರಲ್ಲಿ. ಇದು ಮಾಲೀಕರು ಸಲ್ಲಿಸಬೇಕಾದ ಅಪಘಾತ ವರದಿ, 24 ಗಂಟೆಯೊಳಗೆ ಹೋಗಬೇಕು. ಇದಿಲ್ಲದೆ ಡಿಸ್ಪೆನ್ಸರಿಗೆ ಹೋದರೆ ನಿಮ್ಮ ರಜೆ 'ಕಾಯಿಲೆ' ಎಂದು ದಾಖಲಾಗುತ್ತದೆ, 'ಉದ್ಯೋಗದ ಗಾಯ' ಎಂದಲ್ಲ. ಕಾಯಿಲೆಗೆ ಸಿಗುವುದು ಶೇ 70, ಅಂದರೆ ದಿನಕ್ಕೆ 420. ಅದೂ 91 ದಿನ ಮಾತ್ರ, ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ದಿನಕ್ಕೆ 120 ರೂಪಾಯಿ ನಷ್ಟವಾಗುವುದು ಒಂದು ಕಡೆ. ದೊಡ್ಡ ನಷ್ಟ ಮುಂದಿನದು: ಉದ್ಯೋಗದ ಗಾಯ ಎಂದು ಒಪ್ಪಿಕೊಳ್ಳದ ಹೊರತು ಮೆಡಿಕಲ್ ಬೋರ್ಡಿನ ಮುಂದೆ ಹೋಗುವ ಪ್ರಶ್ನೆಯೇ ಬರುವುದಿಲ್ಲ, ಜೀವನಪರ್ಯಂತ ಬರಬೇಕಾದ 4,860 ಅಲ್ಲೇ ನಿಂತಿತು.

ಮಾಲೀಕರು ಫಾರ್ಮ್ 12 ಹಾಕದಿರುವುದಕ್ಕೆ ಕಾರಣ ಬಹಳ ಸಲ ದುರುದ್ದೇಶವೂ ಅಲ್ಲ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುತ್ತಾರೆ ಎಂಬ ಭಯ, ಗಾರ್ಡ್ (ಕೈ ಸಿಕ್ಕದಂತೆ ತಡೆಯುವ ಕವಚ) ಇಲ್ಲದ ಪ್ರೆಸ್ ಯಂತ್ರ ಕಾಣುತ್ತದೆ ಎಂಬ ಭಯ. 'ಖರ್ಚು ನಾನೇ ನೋಡಿಕೊಳ್ತೀನಿ, ರಿಪೋರ್ಟ್ ಬೇಡ' ಎನ್ನುತ್ತಾರೆ. ನೋಡಿಕೊಳ್ಳುವುದೂ ಹೌದು, ಮೊದಲ ತಿಂಗಳು. ಅವರು ವರದಿ ಹಾಕದಿದ್ದರೆ ಸುಮ್ಮನಿರಬೇಕಿಲ್ಲ: ಐಪಿ ನಂಬರ್ (ನಿಮ್ಮ ಇಎಸ್‌ಐ ವಿಮಾ ಸಂಖ್ಯೆ), ದಿನಾಂಕ, ಗಂಟೆ, ಯಂತ್ರ, ಕಂಡವರ ಹೆಸರು ಬರೆದು ಇಎಸ್‌ಐ ಶಾಖಾ ಕಚೇರಿಗೆ ನೀವೇ ಪತ್ರ ಕೊಡಿ, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಕಾರ್ಖಾನೆಯ ಅಪಘಾತ ಪುಸ್ತಕ, ಅಂದರೆ ಫಾರ್ಮ್ 11, ಅದರಲ್ಲಿ ನಮೂದಾಗಿದೆಯೇ ಎಂದೂ ಕೇಳಿ.

ಎರಡನೆಯ ತೊಡಕು ಸಂಬಳದ್ದು. ಕೈಗೆ 18,000, ಇಎಸ್‌ಐಗೆ ತೋರಿಸಿದ್ದು 12,000, ಉಳಿದದ್ದು ಭತ್ಯೆ. ಶೇ 90 ಬರುವುದು ತೋರಿಸಿದ ಮೊತ್ತದ ಮೇಲೆ. ಇದನ್ನು ಪೆಟ್ಟಾಗುವ ಮೊದಲೇ ನೋಡಬೇಕು, ನಿಮ್ಮ ಐಪಿ ನಂಬರಿನಿಂದ ಇಎಸ್‌ಐ ಪೋರ್ಟಲ್‌ನಲ್ಲಿ ವಂತಿಗೆಯ ವಿವರ ಕಾಣುತ್ತದೆ. ಮೂರನೆಯದು, ಅಪಘಾತದ ಮರುದಿನ ನೋಂದಣಿ ಮಾಡಿಸುವ ಚಾಳಿ. ಗಾಯದ ತಾರೀಖು ಮತ್ತು ನೋಂದಣಿಯ ತಾರೀಖು ಅಕ್ಕಪಕ್ಕ ಬಂದರೆ ತನಿಖೆ ಖಚಿತ. ಹಾಗೆಂದು ಕಾರ್ಮಿಕರ ಹಕ್ಕು ಹೋಗುವುದಿಲ್ಲ. ನೋಂದಣಿ ಮಾಡದಿದ್ದದ್ದು ಮಾಲೀಕರ ತಪ್ಪು, ನಿಗಮ ಕೊಟ್ಟದ್ದನ್ನು ಅವರಿಂದ ವಸೂಲು ಮಾಡುವ ಅಧಿಕಾರ ನಿಗಮಕ್ಕಿದೆ. ಆದರೆ ಅಷ್ಟರವರೆಗೆ ಮನೆಯ ಒಲೆ ಉರಿಯಬೇಕಲ್ಲ.

ಮೆಡಿಕಲ್ ಬೋರ್ಡಿಗೆ ಹೋಗುವಾಗ ಎಕ್ಸ್‌ರೇ, ಡಿಸ್ಚಾರ್ಜ್ ಸಮರಿ, ಕೊನೆಯ ಫಿಟ್‌ನೆಸ್ ಪ್ರಮಾಣಪತ್ರ ಜೊತೆಗಿರಲಿ. ಆ ಕೈಯಲ್ಲಿ ಏನೇನು ಕೆಲಸ ಆಗುತ್ತಿಲ್ಲ ಎಂಬುದನ್ನು ಮಾಡಿ ತೋರಿಸಿ: ಮೋಲ್ಡ್ ಬಾಕ್ಸ್ ಎತ್ತುವುದು, ಸ್ಪ್ಯಾನರ್ ಹಿಡಿಯುವುದು. ಶೇಕಡಾ ಕಡಿಮೆ ಬರೆದರೆ ಮೇಲ್ಮನವಿಗೆ ಅವಕಾಶವಿದೆ.

ಯಜಮಾನರ ಪಾಲಿಸಿ ತೆರೆದು ನೋಡಿ

ಇಎಸ್‌ಐ ಇಲ್ಲದ ಸಾಮಿಲ್, ಕ್ರಷರ್, ಗ್ಯಾರೇಜು, ಸಣ್ಣ ಅಕ್ಕಿ ಗಿರಣಿಗಳಲ್ಲಿ ಯಜಮಾನರು ಡಬ್ಲ್ಯೂಸಿ ಪಾಲಿಸಿ, ಅಂದರೆ ಕಾರ್ಮಿಕರ ಪರಿಹಾರದ ವಿಮೆ, ತೆಗೆದುಕೊಂಡಿರುತ್ತಾರೆ, ಇಲ್ಲವೇ ಏನೂ ಇರುವುದಿಲ್ಲ. ಪಾಲಿಸಿ ಎಂಬುದು ಯಜಮಾನರ ಜೇಬಿಗೆ ಹಾಕಿದ ಬೀಗ. ಕಾರ್ಮಿಕರ ಹಕ್ಕು ಅದರ ಮೇಲೆ ನಿಂತಿಲ್ಲ, ಪಾಲಿಸಿ ಇಲ್ಲದಿದ್ದರೂ ಯಜಮಾನರು ಕೊಡಲೇಬೇಕು. ಆದರೆ ವಸೂಲಿ ಸುಲಭವಾಗುವುದು ಪಾಲಿಸಿ ಇದ್ದಾಗ.

ಮಾರಾಟವಾಗುವ ಪಾಲಿಸಿಗಳಲ್ಲಿ ಮೋಸ ಎನ್ನುವಂಥದ್ದು ಕಡಿಮೆ, ಅರೆಬರೆ ಕೊಳ್ಳುವುದೇ ಹೆಚ್ಚು. ಷೆಡ್ಯೂಲ್ ಪುಟದಲ್ಲಿ ಎಷ್ಟು ಜನ, ಯಾವ ಕೆಲಸ, ಒಟ್ಟು ಸಂಬಳ ಎಷ್ಟು ಎಂದು ಬರೆದಿರುತ್ತದೆ. ಪ್ರೀಮಿಯಂ ಉಳಿಸಲು ಎಂಟು ಜನರಿದ್ದಲ್ಲಿ ನಾಲ್ವರನ್ನು ತೋರಿಸಿದ್ದರೆ, ಗರಗಸಕ್ಕೆ ಮರ ಕೊಡುವವರನ್ನು 'ಸಹಾಯಕ' ಎಂದಷ್ಟೇ ಬರೆದಿದ್ದರೆ ವಿಮಾ ಕಂಪನಿ ಅಲ್ಲೇ ಹಿಡಿಯುತ್ತದೆ. ವೈದ್ಯಕೀಯ ಖರ್ಚು ಬಹಳ ಪಾಲಿಸಿಗಳಲ್ಲಿ ಹೆಚ್ಚುವರಿ ಕಟ್ಟಿ ಸೇರಿಸಬೇಕಾದ ಅಂಶ, ಅದಕ್ಕೊಂದು ಮಿತಿಯೂ ಇರುತ್ತದೆ. ಗುತ್ತಿಗೆದಾರನ ಜನರಿಗೂ ಹಾಗೆಯೇ. ವಿಳಂಬದ ಬಡ್ಡಿಯನ್ನು ಕಂಪನಿ ಕೊಡುತ್ತದೋ ಇಲ್ಲವೋ ಎಂಬುದು ಪಾಲಿಸಿಯ ಒಕ್ಕಣೆಯ ಮೇಲೆ. ದಂಡವಂತೂ ಯಜಮಾನರ ತಲೆಗೇ. ಮಾಲೀಕರಾಗಿ ಇದನ್ನು ಓದುತ್ತಿದ್ದರೆ ಒಂದು ಮಾತು: ವೈದ್ಯಕೀಯ ಸೇರ್ಪಡೆಯಿಲ್ಲದ ಡಬ್ಲ್ಯೂಸಿ ಪಾಲಿಸಿಗೆ ಹಣ ಹಾಕಬೇಡಿ. ಮೂಳೆ ಮುರಿತಕ್ಕೆ ಪ್ಲೇಟು ಹಾಕಿಸಿದ ಒಂದೇ ಬಿಲ್ಲು ಎಷ್ಟೋ ವರ್ಷದ ಪ್ರೀಮಿಯಂ ನುಂಗುತ್ತದೆ.

ಬಡ್ಡಿಯ ವಿಷಯ ಯಜಮಾನರಿಗೆ ತಿಳಿದಿರುವುದು ಕಡಿಮೆ. ಪರಿಹಾರ ಬಾಕಿಯಾಗುವುದು ಕೋರ್ಟು ಆದೇಶ ಕೊಟ್ಟ ದಿನವಲ್ಲ, ಅಪಘಾತದ ದಿನ. ಒಂದು ತಿಂಗಳಲ್ಲಿ ಕಟ್ಟದಿದ್ದರೆ ಕನಿಷ್ಠ ಶೇ 12 ಸರಳ ಬಡ್ಡಿ. ನಮ್ಮ 5,32,062ಕ್ಕೆ ವರ್ಷಕ್ಕೆ ಸುಮಾರು 63,800. ತಕ್ಕ ಕಾರಣವಿಲ್ಲದೆ ತಡ ಮಾಡಿದ್ದಾರೆ ಎಂದು ಕಂಡರೆ ಶೇ 50ರವರೆಗೆ ದಂಡ.

ಆಸ್ಪತ್ರೆಯ ಚೀಟಿಯ ಒಂದು ಸಾಲು

ಎರಡೂ ದಾರಿಯಲ್ಲಿ ಕೇಸು ಬೀಳುವುದು ಬಹುಪಾಲು ಒಂದೇ ಕಡೆ. ಗಾಯಾಳುವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಕರೆದುಕೊಂಡು ಹೋದವರು ಕ್ಯಾಷುವಾಲ್ಟಿಯಲ್ಲಿ ಏನು ಹೇಳುತ್ತಾರೋ ಅದೇ ಕೇಸ್ ಶೀಟಿನ 'ಹಿಸ್ಟರಿ' ಸಾಲಿನಲ್ಲಿ ಉಳಿಯುತ್ತದೆ. ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಮೇಸ್ತ್ರಿ. ಪೊಲೀಸ್ ರಗಳೆ ಬೇಡವೆಂದು ಅವರು 'ಮನೆಯಲ್ಲಿ ಸೌದೆ ಸೀಳುವಾಗ' ಎಂದರೆ, ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಮೊದಲು ತೆಗೆದು ತೋರಿಸುವುದು ಅದೇ ಹಾಳೆ. ಹೇಳಬೇಕಾದದ್ದು ಇಷ್ಟು: ಎಲ್ಲಿ, ಎಷ್ಟು ಗಂಟೆಗೆ, ಯಾವ ಯಂತ್ರ, ಯಾರ ಕೆಲಸ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ದಾಖಲೆ) ಮಾಡಿಸಿ, ನಂಬರ್ ಬರೆದುಕೊಳ್ಳಿ, ಊಂಡ್ ಸರ್ಟಿಫಿಕೇಟಿನ, ಅಂದರೆ ಗಾಯದ ಪ್ರಮಾಣಪತ್ರದ, ಪ್ರತಿ ಪಡೆಯಿರಿ. ಗಾಯಾಳುವಿಗೆ ಪ್ರಜ್ಞೆಯಿದ್ದರೆ ಅವರೇ ಹೇಳಲಿ.

ಪಟ್ಟಿಯಲ್ಲಿಲ್ಲದ ಗಾಯಗಳಲ್ಲಿ, ಅಂದರೆ ಬೆನ್ನುಮೂಳೆ, ಸೊಂಟ, ಕಾಲಿನ ಮುರಿತ, ವೈದ್ಯರ ಪ್ರಮಾಣಪತ್ರದ ಭಾಷೆಯೇ ದೊಡ್ಡ ವಿಷಯ. 'ಬಲಗಾಲಿಗೆ ಶೇ 30 ಅಂಗವೈಕಲ್ಯ' ಎಂದಿದ್ದರೆ ಎದುರು ಪಕ್ಷದವರು ಇಡೀ ದೇಹಕ್ಕೆ ಅದರ ಮೂರನೇ ಒಂದು, ಶೇ 10 ಎನ್ನುತ್ತಾರೆ. ಕಾಯ್ದೆ ಕೇಳುವುದು ಗಳಿಕೆಯ ಶಕ್ತಿ ಎಷ್ಟು ಹೋಯಿತು ಎಂಬುದನ್ನು. ಮರ ಹತ್ತಿ ಬದುಕುವವರಿಗೆ ಮಂಡಿ ಮಡಚದಿದ್ದರೆ ನಷ್ಟ ಶೇ 10 ಆಗಲು ಸಾಧ್ಯವೇ? ಎಡಗೈ ಮೊಣಕೈಯ ಮೇಲಿನವರೆಗೆ ಹೋದ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದೆಂದು ಪೂರ್ಣ ಅಸಮರ್ಥತೆಯನ್ನೇ ಸುಪ್ರೀಂ ಕೋರ್ಟ್ ಒಪ್ಪಿತ್ತು. 1976ರ ಕಾನೂನು ವರದಿಗಳಲ್ಲಿರುವ ಆ ತೀರ್ಪನ್ನು ಇಂದಿಗೂ ವಕೀಲರು ಉಲ್ಲೇಖಿಸುತ್ತಾರೆ. ವೈದ್ಯರಿಗೆ ನಿಮ್ಮ ಕಸುಬು ಏನೆಂದು ಹೇಳಿ, ಅದನ್ನು ಪ್ರಮಾಣಪತ್ರದಲ್ಲಿ ಬರೆಯಲು ಕೇಳಿ.

ಸಂಬಳದ ದಾಖಲೆ ಎರಡನೆಯ ಹಳ್ಳ. ಸಂತೆ ದಿನದ ಬಟವಾಡೆ ಕೈಯಿಂದ ಕೈಗೆ ನಡೆದಿದ್ದರೆ ಕೋರ್ಟಿನಲ್ಲಿ 'ಇವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ' ಎಂಬ ಮಾತು ಬರುತ್ತದೆ. ಫೋನ್‌ಪೇ ಪಾವತಿ, ಹಾಜರಿ ಪುಸ್ತಕದ ಫೋಟೋ, ಕೆಲಸದ ವಾಟ್ಸ್ಆ್ಯಪ್ ಗುಂಪಿನ ಸಂದೇಶ, ಎಲ್ಲವೂ ಕೆಲಸಕ್ಕೆ ಬರುತ್ತವೆ. ದಿನಗೂಲಿ ಎಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ, ಆ ಅಡ್ಡಿಯನ್ನು 2000ದ ತಿದ್ದುಪಡಿಯೇ ತೆಗೆದುಹಾಕಿದೆ. ಗುತ್ತಿಗೆದಾರ ಪರಾರಿಯಾದರೆ ಕೆಲಸ ಯಾರ ಉದ್ದಿಮೆಯದೋ ಅವರೇ ಮೊದಲು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು.

'ಕುಡಿದಿದ್ದ' ಎಂಬುದು ಮಾಮೂಲಿ ಉತ್ತರ. ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆ ಆಗಿದ್ದರೆ ಆ ಉತ್ತರಕ್ಕೆ ಬೆಲೆಯೇ ಇಲ್ಲ. ಉಳಿದ ಗಾಯಗಳಲ್ಲಿ ಅದನ್ನು ಸಾಬೀತು ಮಾಡಬೇಕಾದವರು ಯಜಮಾನರು. ಗಾರ್ಡ್ ಕಳಚಿದ್ದು ಕಾರ್ಮಿಕ ಬೇಕೆಂದೇ ಮಾಡಿದ್ದೋ, ಹೆಚ್ಚು ಮಾಲು ಹೊರಡಲಿ ಎಂದು ಮೇಸ್ತ್ರಿ ಹೇಳಿ ಮಾಡಿಸಿದ್ದೋ ಎಂಬುದೂ ಅಷ್ಟೇ.

ಅಡಿಕೆ ತೋಟದ ಸಂಕಟ

ಮಲೆನಾಡಿಗೆ ಈ ಕಾಯ್ದೆ ಅರ್ಧವೇ ಒಗ್ಗುತ್ತದೆ. ಯಾವ ಕೆಲಸಕ್ಕೆ ಪರಿಹಾರ ಎಂಬ ಪಟ್ಟಿಯಲ್ಲಿ ಕಾಫಿ, ಟೀ, ರಬ್ಬರ್, ಏಲಕ್ಕಿ, ಸಿಂಕೋನಾ ತೋಟಗಳಿವೆ, ಅವೂ 25 ಜನರಿದ್ದರೆ. ಅಡಿಕೆಯ ಹೆಸರಿಲ್ಲ. ಹಾಗೆಂದು ಕೈಬಿಡಬೇಡಿ. ಮರ ಕಡಿಯುವ ಕೆಲಸ ಪಟ್ಟಿಯಲ್ಲಿದೆ. ಬೆಳೆಗೆ ಕೀಟನಾಶಕ ಸಿಂಪಡಿಸುವ ಕೆಲಸವೂ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಜಾರುವ ಮರದಿಂದ ಬಿದ್ದರೆ ಅರ್ಜಿಯಲ್ಲಿ 'ತೋಟದ ಕೆಲಸ' ಎಂದು ಬರೆಯದೆ 'ಔಷಧಿ ಸಿಂಪಡಣೆ' ಎಂದೇ ಬರೆಯಬೇಕು. ಬೋರ್ಡೋ ಶಿಲೀಂಧ್ರನಾಶಕ, ಕೀಟನಾಶಕವಲ್ಲ ಎಂಬ ತಕರಾರು ಬಂದರೆ 1968ರ ಕೀಟನಾಶಕ ಕಾಯ್ದೆ ಶಿಲೀಂಧ್ರನಾಶಕವನ್ನೂ ತನ್ನೊಳಗೆ ಸೇರಿಸಿಕೊಂಡಿದೆ ಎಂದು ತೋರಿಸಬಹುದು. ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವರ ವಿಷಯದಲ್ಲಿ ದಾರಿ ಇಷ್ಟು ಸಲೀಸಲ್ಲ. ತೋಟದ ಯಜಮಾನರು ಸುಗ್ಗಿಗೆ ಮುಂಚೆ ಕೊನೆಗಾರರ ಹೆಸರಿನಲ್ಲಿ ವೈಯಕ್ತಿಕ ಅಪಘಾತ ವಿಮೆ ಮಾಡಿಸುವುದೇ ಸದ್ಯದ ಮದ್ದು.

ಕಾಡಿನ ಕೆಲಸದವರಿಗೆ ಇನ್ನೊಂದು ವಿಷಯ, ಯಾರೂ ಯೋಚಿಸದ್ದು. ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೋಂಕಿನ ವಿಶೇಷ ಅಪಾಯವಿರುವ ಕೆಲಸದಿಂದ ಬಂದ ಸಾಂಕ್ರಾಮಿಕ ರೋಗಗಳೂ ಸೇರಿವೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಹುಳದಿಂದ ಬರುವಂಥದ್ದು, ಕಾಡಿನಲ್ಲೇ ದುಡಿಯುವ ವಾಚರ್‌ಗಳಿಗೆ ಈ ನೆಲೆಯಲ್ಲಿ ಅರ್ಜಿ ಹಾಕಲು ಜಾಗವಿದೆ.

ಲಾರಿ, ಟಿಪ್ಪರ್ ಚಾಲಕರಿಗೆ ಆಯ್ಕೆಯಿದೆ: ಮೋಟಾರು ವಾಹನ ನ್ಯಾಯಮಂಡಳಿ ಅಥವಾ ಪರಿಹಾರ ಕಾಯ್ದೆ, ಎರಡರಲ್ಲಿ ಒಂದು. ತಪ್ಪು ತಮ್ಮದೇ ಆಗಿದ್ದ ಚಾಲಕರಿಗೆ ಪರಿಹಾರ ಕಾಯ್ದೆಯೇ ಲೇಸು, ಇಲ್ಲಿ ಅಜಾಗರೂಕತೆಯ ಪ್ರಶ್ನೆ ಬರುವುದಿಲ್ಲ.

ರಾಜಿ ಪತ್ರ, ಅರ್ಜಿ, ಅಪೀಲು

ಛಾಪಾ ಕಾಗದದ ಮೇಲೆ 'ಒಂದು ಲಕ್ಷ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆಸಿಕೊಳ್ಳುವುದು ಇಲ್ಲಿ ದಿನನಿತ್ಯದ ಸಂಗತಿ. ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ ಕಾಯ್ದೆಯಲ್ಲಿ ಬೆಲೆಯಿಲ್ಲ. ರಾಜಿಯಾಗುವುದಾದರೆ ಅದನ್ನು ಪರಿಹಾರದ ಅಧಿಕಾರಿಯ ಮುಂದೆ ನೋಂದಾಯಿಸಬೇಕು, ಮೊತ್ತ ತೀರಾ ಕಡಿಮೆಯೆಂದು ಕಂಡರೆ ಅವರು ನಿರಾಕರಿಸಬಹುದು. ಸಾವಿನ ಪ್ರಕರಣದಲ್ಲಿ ಹಣವನ್ನು ಮನೆಯವರ ಕೈಗೆ ಕೊಡುವಂತೆಯೇ ಇಲ್ಲ, ಅಧಿಕಾರಿಯ ಬಳಿ ಠೇವಣಿ ಇಡಬೇಕು. ಇದು ಯಜಮಾನರಿಗೂ ಒಳ್ಳೆಯದು, ನಂಬಿಕೆಯ ಮೇಲೆ ಕೈಯಿಂದ ಕೊಟ್ಟು ಕೋರ್ಟಿನಲ್ಲಿ ಮತ್ತೊಮ್ಮೆ ಕಟ್ಟುವ ಪ್ರಮೇಯ ತಪ್ಪುತ್ತದೆ.

ಅರ್ಜಿಗೆ ಎರಡು ವರ್ಷದ ಗಡುವು. ಅಪಘಾತವಾದ ಊರು ಅಥವಾ ನೀವು ವಾಸಿಸುವ ಊರು, ಎಲ್ಲಿ ಬೇಕಾದರೂ ಹಾಕಬಹುದು. ಬೆಂಗಳೂರಿನ ಕಟ್ಟಡದಿಂದ ಬಿದ್ದ ಶಿಕಾರಿಪುರದವರು ಬೆಂಗಳೂರಿಗೆ ಅಲೆಯಬೇಕಿಲ್ಲ. ನಮ್ಮ ರಾಜ್ಯದಲ್ಲಿ ಪರಿಹಾರದ ಅಧಿಕಾರಿಯ ಕೆಲಸವನ್ನು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳು ಮಾಡುತ್ತಾ ಬಂದಿವೆ, ಇಸಿಎ (ನೌಕರರ ಪರಿಹಾರ ಕಾಯ್ದೆಯ ಇಂಗ್ಲಿಷ್ ಚುಟುಕು ಹೆಸರು) ಎಂಬ ನಂಬರ್ ಬೀಳುತ್ತದೆ. ಪಾಲಿಸಿ ನಂಬರ್ ಸಿಕ್ಕಿದ್ದರೆ ವಿಮಾ ಕಂಪನಿಯನ್ನೂ ಎದುರುದಾರರಾಗಿ ಸೇರಿಸಿ. ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಹಳೆಯ ಕಾಯ್ದೆಯಲ್ಲೇ ಬರೆದಿತ್ತು, ಅದನ್ನು ನಂಬಿ ಯಾರಿಂದಲೂ ಸಾಲ ಮಾಡಬೇಡಿ. ವ್ಯವಸ್ಥೆಗೆ ಅಂಕ ಕೊಡುವುದಾದರೆ ಇಲ್ಲೇ ಕಡಿತವಾಗುವುದು: ಲೆಕ್ಕಕ್ಕೆ ಐದಕ್ಕೆ ನಾಲ್ಕು, ವೇಗಕ್ಕೆ ಒಂದೂವರೆ.

ಆದೇಶ ಬಂದ ಮೇಲೆ ಯಜಮಾನರು ಹೈಕೋರ್ಟಿಗೆ ಹೋಗಬೇಕಾದರೆ 60 ದಿನದೊಳಗೆ ಹೋಗಬೇಕು, ಅದಕ್ಕೂ ಮೊದಲು ಆದೇಶದ ಹಣವನ್ನು ಕಟ್ಟಿರಬೇಕು. ವಕೀಲರ ಫೀಸಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ಹೋಗುವಾಗ ಆಧಾರ್, ವಯಸ್ಸಿನ ದಾಖಲೆ, ಎಂಎಲ್‌ಸಿ ನಂಬರ್, ಊಂಡ್ ಸರ್ಟಿಫಿಕೇಟ್, ಆಸ್ಪತ್ರೆ ಬಿಲ್ಲುಗಳು, ಸಂಬಳ ಬಂದದ್ದಕ್ಕೆ ಇರುವ ಯಾವುದೇ ಗುರುತು, ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರ ಫೋನ್ ನಂಬರ್ ತೆಗೆದುಕೊಂಡು ಹೋಗಿ.